ಹೊಸ್ತಿಲಿಲ್ಲದ ಗೋಡೆ

ನಮ್ಮ ಅಡಿಗೆಮನೆಯ ಗೂಡಿನಲ್ಲಿ, ಎಣ್ಣೆಯ ಬಾಟಲಿಗೂ ಹಳೆಯ ಪಂಚಾಂಗಕ್ಕೂ ನಡುವೆ, ಒಂದು ತೆಂಗಿನ ಕರಟ ಕುಳಿತಿದೆ; ಅದರ ತಳದಲ್ಲಿ ಒಣಗಿ ಬಿರುಕುಬಿಟ್ಟ ಒಂದಿಷ್ಟು ಕೆಮ್ಮಣ್ಣು. ವರ್ಷಕ್ಕೊಮ್ಮೆ ಮನೆ ತೊಳೆಯುವಾಗ ಸೊಸೆ ಅದನ್ನು ಕೈಗೆತ್ತಿಕೊಂಡು ಕಸದ ಬುಟ್ಟಿಯತ್ತ ನೋಡುತ್ತಾಳೆ, ನಾನು ಅವಳತ್ತ ನೋಡುತ್ತೇನೆ, ಕರಟ ಮತ್ತೆ ಗೂಡು ಸೇರುತ್ತದೆ. ಅತ್ತೆ-ಸೊಸೆಯರ ಒಪ್ಪಂದಗಳಲ್ಲಿ ಮಾತಿಲ್ಲದವೇ ಬಾಳಿಕೆ ಬರುವುದು. ಆದರೆ ಓದುಗ ಮಿತ್ರರೇ, ನಿಮಗೆ ಮಾತ್ರ ಹೇಳಿಬಿಡುತ್ತೇನೆ: ಆ ಕರಟದಲ್ಲಿರುವುದು ನನ್ನ ಹೇಡಿತನ.

ಐವತ್ತರ ದಶಕದಲ್ಲಿ ನಾನು ಗಜೇಂದ್ರಗಡದಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಶ್ರಮದಾನವೆಂಬ ಮಾತು ಆಗ ಹೊಸ ಬೆಲ್ಲದಂತೆ ಎಲ್ಲರ ಬಾಯಲ್ಲೂ ಇತ್ತು. ಊರವರೆಲ್ಲ ಬುಟ್ಟಿ-ಸಲಿಕೆ ಹಿಡಿದು ಗುಡ್ಡದ ಬುಡದಲ್ಲಿ ಒಂದು ಹಾದಿ ಮಾಡಿದರು. ಯಾವ ಹೊಲಕ್ಕೂ ಹೋಗದ, ಯಾವ ಸಂತೆಗೂ ಮುಟ್ಟಿಸದ, ಸಂಜೆ ಗಾಳಿಗೆ ಸುಮ್ಮನೆ ತಿರುಗಾಡಿ ಬರುವ ಹಾದಿ. ಗಂಡಸರು ಕೈಬೀಸಿಕೊಂಡು ಹೋದರು. ಹೆಂಗಸರು ಕೆಲಸವಿಲ್ಲದೆ ನಡೆದರೆ ಊರ ಬಾಯಿ ಸುಮ್ಮನಿರುವುದೇ? ಆದ್ದರಿಂದ ನಾವು ಸೊಂಟದಲ್ಲಿ ಒಂದೊಂದು ಖಾಲಿ ಕೊಡ ಇಟ್ಟುಕೊಂಡು ವಾಯುವಿಹಾರಕ್ಕೆ ಹೊರಡುತ್ತಿದ್ದೆವು. ಆ ಹಾದಿಯಲ್ಲಿ ಬಾವಿಯೇ ಇರಲಿಲ್ಲ. ಖಾಲಿ ಕೊಡ ಎದುರಾದರೆ ಅಪಶಕುನವೆನ್ನುವ ಅದೇ ಊರು ನಮ್ಮ ಇಷ್ಟೊಂದು ಖಾಲಿ ಕೊಡಗಳನ್ನು ಕಂಡೂ ಕಾಣದಂತಿತ್ತು. ಶಕುನವೆಂಬುದು ಬೇಕಾದಾಗ ಕಣ್ಣು ಮುಚ್ಚಿಕೊಳ್ಳಬಲ್ಲದು ಎಂಬುದನ್ನು ನಾನು ಅಂದೇ ಗಮನಿಸಬೇಕಿತ್ತು.

ಗುಡ್ಡದ ಮಣ್ಣು ಜಾರದಿರಲೆಂದು ಹಾದಿಯ ಮಗ್ಗುಲಿಗೆ ಉದ್ದನೆಯ ಗೋಡೆ ಕಟ್ಟಿದ್ದರು. ಬೋಳು ಗೋಡೆ ನೋಡಿ ನನಗೆ ಹುರುಪು ಬಂತು. ಊರ ಹೆಂಗಸರೆಲ್ಲ ಸೇರಿ ಇದರ ಮೇಲೆ ಚಿತ್ರ ಬರೆದರೆ ಹೇಗೆ ಎಂದು ಕೇಳಿದೆ. ಹಾದಿಯ ಕೆಲಸಕ್ಕೆ ಮುಂದಾಳಾಗಿದ್ದ ಹಿರಿಯರು ಒಪ್ಪಿದರು. ನನ್ನ ಶಾಲೆ ನಡೆಯುತ್ತಿದ್ದುದೂ ಅವರ ಮನೆಯ ಪಡಸಾಲೆಯಲ್ಲೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮ ಓಣಿಯಲ್ಲಿ ಪಾರವ್ವ ಎಂಬಾಕೆ ಇದ್ದಳು. ಪಕ್ಕದ ಲಕ್ಕಲಕಟ್ಟಿ ಊರಿನ ಮಗಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ನೇಕಾರರ ಮನೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಗಂಡ ಹೋದಂದಿನಿಂದ ಆಕೆ ಹೊಸ್ತಿಲಿಗೆ ಒಂದೆಳೆ ರಂಗೋಲಿ ಹಾಕಿದವಳಲ್ಲ. ಅದು ಮುತ್ತೈದೆಯರ ಕೆಲಸ. ಆದರೆ ಒಮ್ಮೆ ಜೋಳ ಹಸನು ಮಾಡುತ್ತ ಕುಳಿತಿದ್ದವಳು ಮೊರದ ಕಾಳಿನಲ್ಲಿ ಬೆರಳಿನಿಂದ ಗಿಳಿ ಬರೆದದ್ದನ್ನು ನಾನು ನೋಡಿಬಿಟ್ಟೆ. ನನ್ನ ನೆರಳು ಬಿದ್ದದ್ದೇ ತಡ, ಅಂಗೈಯಿಂದ ಅಳಿಸಿದಳು. ಎಷ್ಟು ವರ್ಷಗಳ ಗಿಳಿಗಳು ಹಾಗೆ ರೊಟ್ಟಿಯಾಗಿ ಹೋಗಿದ್ದವೋ!

ಗೋಡೆಗೆ ಕರೆದಾಗ ಆಕೆ ಒಲ್ಲೆನೆಂದಳು. ನಾನು ಕಲಿಸುವವಳಲ್ಲವೇ, ವಾದ ಹೂಡಿದೆ: "ಪಾರವ್ವ, ಹೊಸ್ತಿಲ ಇದ್ದಲ್ಲಿ ನೀ ಬರಿಯಬಾರದು ಅಂತಾರ, ಖರೇ. ಈ ಗ್ವಾಡಿಗೆ ಹೊಸ್ತಿಲ ಎಲ್ಲೈತಿ ಹೇಳು?" ಆಕೆ ಕೈಯಲ್ಲಿದ್ದ ನೂಲಿನ ಉಂಡೆಯನ್ನು ಕೆಳಗಿಟ್ಟಳು. "ಹೌದಲ್ರಿ ಅಕ್ಕೋರ," ಎಂದು ನಕ್ಕಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಚಿತ್ರ ಬರೆಯುವ ದಿನ ಊರ ಗೌಂಡಿ ಹುಸೇನಸಾಬ ಮುಂದೆ ಮುಂದೆ ಸುಣ್ಣ ಬಳಿಯುತ್ತ ಹೋದಂತೆ ಹಿಂದೆ ಹಿಂದೆ ನಾವು ಹಸಿ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುತ್ತ ಹೋದೆವು. ಸುಣ್ಣ ಹಸಿಯಿದ್ದಾಗ ಹಚ್ಚಿದ ಬಣ್ಣವನ್ನು ಗೋಡೆ ನುಂಗಿಬಿಡುತ್ತದೆ, ಮತ್ತೆ ಬಿಡುವುದಿಲ್ಲ ಎಂದು ಹೇಳಿಕೊಟ್ಟವನು ಅವನೇ. ಒಬ್ಬಳು ಮಗ್ಗ ಬರೆದಳು, ಒಬ್ಬಳು ಬೀಸುಕಲ್ಲು. ಅವನ ಹೆಂಡತಿ ಬರೆದದ್ದು ಚಂದ್ರನೋ ರೊಟ್ಟಿಯೋ ಎಂದು ಜಗಳವೇ ಆಯಿತು. ಪಾರವ್ವ ಮಾತ್ರ ತುದಿಗೆ ನಿಂತು, ಕರಟದಲ್ಲಿ ಬೆರಳದ್ದಿ, ಎದುರುಬದುರಾದ ಎರಡು ಗಿಳಿಗಳನ್ನು ಬರೆದಳು. ಒಬ್ಬೊಬ್ಬರಾಗಿ ಎಲ್ಲರೂ ಕೈಗೆಲಸ ಬಿಟ್ಟು ಅವನ್ನೇ ನೋಡುತ್ತ ನಿಂತರು. ಮೊದಲ ಗಿಳಿಗೆ ಕಣ್ಣಿಟ್ಟಾಗಿತ್ತು. ಎರಡನೆಯದಕ್ಕೆ ಬೆರಳೆತ್ತಿದ್ದಳು.

"ಆಕಿ ಕೈಲೆ ಯಾರು ಬರಸಾಕ ಹಚ್ಚಿದವರು?"

ಕೇಳಿದಾಕೆ ಶಾಂತಕ್ಕ, ನಮಗೆ ಪಡಸಾಲೆ ಕೊಟ್ಟ ಆ ಹಿರಿಯರ ಮನೆಯಾಕೆ. ಆಕೆ ಕೆಟ್ಟವಳಲ್ಲ, ಮಗಳ ಮದುವೆಗೆ ಎರಡೇ ದಿನವಿತ್ತು, ತಾಯಿಯ ಜೀವ ಹೆದರಿತ್ತು. "ಅಕ್ಕೋರ, ನಾಡದ ಬೀಗರು ಸಂಜಿ ಗಾಳಿಗಂತ ಇದ ಹಾದಿಲೆ ಬರ್ತಾರ. ನಮ್ಮ ಕೂಸಿಂದು ಮುಂದ ಏನರ ಹೆಚ್ಚುಕಮ್ಮಿ ಆದ್ರ ನೀವು ಜವಾಬ್ದಾರ್ರೇನು? ಅಳಸ್ರಿ ಅದನ್ನ."

ಪಾರವ್ವನ ಬೆರಳು ಗಾಳಿಯಲ್ಲೇ ನಿಂತಿತ್ತು. ತುದಿಯಿಂದ ಕೆಂಪು ಹನಿ ತೊಟ್ಟಿಕ್ಕುತ್ತಿತ್ತು. ಆಕೆ ಶಾಂತಕ್ಕನತ್ತ ನೋಡಲೇ ಇಲ್ಲ. ನನ್ನನ್ನು ನೋಡಿದಳು. ಆಕೆ ಕಾಯುತ್ತಿದ್ದುದು ಒಂದೇ ಮಾತಿಗೆ, ನಾನೇ ಹೇಳಿಕೊಟ್ಟ ಆ ಹೊಸ್ತಿಲಿನ ಮಾತಿಗೆ. ಅದು ನನ್ನ ಗಂಟಲವರೆಗೆ ಬಂತು. ಅಲ್ಲಿ ಶಾಲೆಯ ಪಡಸಾಲೆ ಅಡ್ಡ ನಿಂತಿತು. ಪಡಸಾಲೆ ಹೋದರೆ ಶಾಲೆ ಹೋಯಿತು, ಶಾಲೆ ಹೋದರೆ ಇಷ್ಟು ಹುಡುಗಿಯರ ಅಕ್ಷರ ಹೋಯಿತು ಎಂದು ಆ ಒಂದು ಗಳಿಗೆಯಲ್ಲಿ ನಾನು ಎಷ್ಟು ಅಚ್ಚುಕಟ್ಟಾಗಿ ಯೋಚಿಸಿದೆನೆಂದರೆ ಇಂದಿಗೂ ನಾಚಿಕೆಯಾಗುತ್ತದೆ. ಹೇಡಿತನ ಎಂದೂ ಬರಿಗೈಯಲ್ಲಿ ಬರುವುದಿಲ್ಲ, ಕಾರಣಗಳ ಬುತ್ತಿ ಕಟ್ಟಿಕೊಂಡೇ ಬರುತ್ತದೆ.

"ಹುಸೇನಸಾಬ, ಸುಣ್ಣಾ ಹಚ್ಚಿಬಿಡು," ಎಂದೆ.

ಪಾರವ್ವ ಅಳಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕರಟವನ್ನು ಎತ್ತಿಕೊಂಡಳು. "ಹೊಸ್ತಿಲ ಇತ್ತು ನೋಡ್ರಿ ಅಕ್ಕೋರ," ಎಂದಳು ಮೆಲ್ಲಗೆ, "ನಿಮಗ ಕಂಡಿರಲಿಲ್ಲ, ಅಷ್ಟ."

ಮದುವೆ ಸಾಂಗವಾಗಿ ಮುಗಿಯಿತು. ಕೆಲವು ದಿನಗಳಲ್ಲಿ ರೋಹಿಣಿ ಮಳೆ ಬಂತು, ಓಣಿ ತುಂಬ ಜೋಳ ಬೆಳೆಸುತ್ತದೆಂದು ನಮ್ಮ ಕಡೆ ನಂಬುವ ಮಳೆ. ಹನಿ ನಿಲ್ಲುವ ಮೊದಲೇ ಹುಸೇನಸಾಬ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಾಗಿಲಿಗೆ ಬಂದ. "ಲಗೂ ಬರ್ರಿ ಅಕ್ಕೋರ." ಕೊಡ ತೆಗೆದುಕೊಳ್ಳುವುದನ್ನೂ ಮರೆತು ಓಡಿದೆ. ನೆನೆದ ಗೋಡೆಯ ತುದಿಯಲ್ಲಿ ಗಿಳಿಗಳೆರಡೂ ಸುಣ್ಣದ ಒಳಗಿನಿಂದ ಎದ್ದು ಬಂದಿದ್ದವು, ಒಂದಕ್ಕೆ ಕಣ್ಣು, ಒಂದಕ್ಕಿಲ್ಲ. ಒಣಗಿದ ಸುಣ್ಣ ಮುಚ್ಚಿಕೊಳ್ಳುತ್ತದೆ, ನೆನೆದ ಸುಣ್ಣ ಬಿಟ್ಟುಕೊಡುತ್ತದೆ. ಹುಸೇನಸಾಬ ನೆಲ ನೋಡುತ್ತ ಹೇಳಿದ: "ಹಚ್ಚು ಅಂದ್ರಿ, ಹಚ್ಚೀನಿ. ದಪ್ಪಗ ಹಚ್ಚು ಅಂದಿರಲಿಲ್ಲಲ್ರಿ." ಬಣ್ಣ ಬಯಲಾಗುವುದು ಎಂದು ನಾವೆಲ್ಲ ಸುಲಭವಾಗಿ ಆಡುತ್ತೇವೆ, ಅಂದು ಗೋಡೆಯದೂ ಬಯಲಾಗಿತ್ತು, ನನ್ನದೂ.

ಪಾರವ್ವ ಅಲ್ಲಿಗೆ ಮೊದಲೇ ಬಂದು ನಿಂತಿದ್ದಳು. "ಆ ಕಣ್ಣೊಂದು ಇಟ್ಟುಬಿಡು ಪಾರವ್ವ," ಎಂದೆ. ಆಕೆ ಸೆರಗಿನೊಳಗಿಂದ ಕರಟ ತೆಗೆದು ನನ್ನ ಕೈಗಿಟ್ಟಳು. "ನೀವ ಇಡ್ರಿ." ಹಾದಿಯಲ್ಲಿ ಜನ ಸೇರುತ್ತಿದ್ದರು, ಶಾಂತಕ್ಕನ ಮನೆಯವರೂ ಇದ್ದರು. ನಾನು ಕರಟ ಹಿಡಿದು ನಿಂತೇ ಇದ್ದೆ. ಬಿಸಿಲು ಬಂತು, ಗೋಡೆ ಬಿಳುಪೇರಿತು, ಗಿಳಿಗಳು ಒಳಗೆ ಹೋದವು.

ಆಮೇಲೆ ನಮಗೆ ಬೇರೆ ಊರಾಯಿತು. ಪಾರವ್ವ ಏನಾದಳೋ ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ನಮ್ಮ ಯಜಮಾನರು ತೀರಿಕೊಂಡು ಈಗ ಎರಡು ವರ್ಷ. ಅಂದಿನಿಂದ ಹೊಸ್ತಿಲಿಗೆ ರಂಗೋಲಿ ಸೊಸೆಯದೇ. ನನಗೆ ಯಾರೂ ಬೇಡವೆನ್ನಲಿಲ್ಲ. ನಾನಾಗಿಯೇ ಹಿಂದೆ ಸರಿದೆ, ಊರಿಗೆ ಬುದ್ಧಿ ಹೇಳುತ್ತಿದ್ದವಳು. ನಿನ್ನೆ ರೋಹಿಣಿ ಮಳೆ ಬಿತ್ತು. ಇಂದು ಬೆಳಿಗ್ಗೆ ಗೂಡಿನಿಂದ ಕರಟ ಇಳಿಸಿ ನಾಲ್ಕು ಹನಿ ನೀರು ಬಿಟ್ಟು ತಿಕ್ಕಿದೆ. ಇಷ್ಟು ವರ್ಷ ಸತ್ತಂತಿದ್ದ ಮಣ್ಣು ಬೆರಳಿಗೆ ಕೆಂಪಗೆ ಹತ್ತಿತು. ಹೊಸ್ತಿಲ ಮುಂದೆ ಕುಳಿತು ಒಂದು ಗಿಳಿ ಬರೆದೆ. ನನ್ನದು ಪಾರವ್ವನ ಕೈಯಲ್ಲ, ಗಿಳಿ ಹೋಗಿ ಕಾಗೆಯಾಯಿತು. ಕಣ್ಣು ಮಾತ್ರ ಮರೆಯದೆ ಇಟ್ಟೆ.

ಸೊಸೆ ರಂಗೋಲಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದವಳು ಗಕ್ಕನೆ ನಿಂತಳು. ಗಿಳಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ತುಳೀಬ್ಯಾಡವಾ," ಎಂದೆ, "ಇನ್ನೂ ಹಸೀ ಐತಿ."