ಅಕ್ಕನಿಗಾಗಿ ಎಂದು ಹೇಳಿಕೊಂಡ ದಾರಿ

ನನ್ನ ಕಿಡ್ನಿ ನನ್ನ ಅಕ್ಕನಿಗೆ ಹೊಂದುತ್ತಿತ್ತು. ಹೊಂದುವುದಿಲ್ಲ ಎಂದು ನಾನು ಎಲ್ಲರಿಗೂ ಸುಳ್ಳು ಹೇಳಿದೆ. ಹೇಳಿ, ಅವಳು ಗುಣವಾಗಲಿ ಎಂದು ದೇವರನ್ನು ಬೇಡಿಕೊಳ್ಳಲು ಬೈಕ್ ಹತ್ತಿ ದೇಶದ ಇನ್ನೊಂದು ತುದಿಗೆ ಹೊರಟುಹೋದೆ. ಜನ ಅದನ್ನು ಭಕ್ತಿ ಎಂದರು. ನಾನೂ ಹಾಗೆಯೇ ಅಂದುಕೊಂಡೆ — ಅಂದುಕೊಳ್ಳುವುದಕ್ಕೆ ಬಹಳ ಕಷ್ಟಪಟ್ಟೆ.

ಇದರಲ್ಲಿ ಮೊದಲ ಮೂರು ವಾಕ್ಯ ಬಾಯಿಗೆ ಬರಲು ಏಳು ವರ್ಷ ಹಿಡಿಯಿತು.

ಕಡೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನನ್ನ ಹೆಸರು ವಿನ್ಸೆಂಟ್. ಅಕ್ಕ ಸ್ಟೆಲ್ಲಾ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಲ್ಲಿಂದ ಮುಂದೆ ನನ್ನನ್ನು ಮೀಯಿಸಿದವಳು, ಉಣ್ಣಿಸಿದವಳು, ಮೊಣಕಾಲೂರಿ ಜಪ ಹೇಳಲು ಕಲಿಸಿದವಳು ಅವಳೇ. ಮದುವೆಯಾಗಿ ಅಜ್ಜಂಪುರಕ್ಕೆ ಹೋದಮೇಲೂ ವಾರಕ್ಕೊಮ್ಮೆ ಬಸ್ಸಿನಲ್ಲಿ ನನಗೆ ಸಾರು, ಪಲ್ಯ ಕಳಿಸುತ್ತಿದ್ದಳು. ಭಾವ ರಾಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಅವರಿಗೆ ಒಬ್ಬಳೇ ಮಗಳು, ಅನಿತಾ.

ಅಕ್ಕನ ಎರಡೂ ಕಿಡ್ನಿ ಕೆಟ್ಟಿವೆ ಎಂದು ತಿಳಿದಾಗ ಅನಿತಾ ಹೈಸ್ಕೂಲಿನಲ್ಲಿದ್ದಳು. ದಿನ ಬಿಟ್ಟು ದಿನ ತರೀಕೆರೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಭಾವ ತಮ್ಮ ಪಾಳಿ ಬದಲಾಯಿಸಿಕೊಂಡು ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುತ್ತಿದ್ದರು. ಬರುವಾಗ ಅವಳಿಗೆ ಕೂರಲೂ ಆಗುತ್ತಿರಲಿಲ್ಲ. ಭಾವನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ಬೇರೆ ಕಿಡ್ನಿ ಹಾಕಿಸುವುದೇ ಒಳ್ಳೆಯದು ಎಂದರು ಡಾಕ್ಟರು. ಭಾವ ತಕ್ಷಣ ತಮ್ಮದನ್ನು ಕೊಡಲು ಮುಂದಾದರು. ಅವರ ರಕ್ತದ ಗುಂಪೇ ಹೊಂದಲಿಲ್ಲ. ಉಳಿದವನು ನಾನು.

ಪರೀಕ್ಷೆಗಳೆಲ್ಲ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಡೆದವು. ಕೊನೆಯ ದಿನ ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದರು.

"ಎಲ್ಲಾ ಸರಿ ಬಂದಿದೆ ವಿನ್ಸೆಂಟ್. ನೀವು ಕೊಡಬಹುದು. ಆದ್ರೆ ಇದು ನಿಮ್ಮ ದೇಹ, ಯಾರೂ ಬಲವಂತ ಮಾಡೋ ಹಾಗಿಲ್ಲ. ಮನಸ್ಸಿಲ್ಲ ಅಂದ್ರೆ ಈಗ್ಲೇ ಹೇಳಿ. ಹೊರಗೆ ಕೂತಿರೋರಿಗೆ ನಾವು ಕಾರಣ ಹೇಳಲ್ಲ."

ಅವರ ಮಾತಿನಲ್ಲಿ ಯಾವ ತಪ್ಪೂ ಇರಲಿಲ್ಲ. ನನ್ನ ಹಕ್ಕನ್ನು ನನಗೆ ತಿಳಿಸಿದ್ದರು, ಅಷ್ಟೆ. ಆದರೆ ಆ ಕ್ಷಣದವರೆಗೆ ನನ್ನ ಒಳಗೆ ಅಂಥ ಒಂದು ಬಾಗಿಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅದು ತೆರೆದುಕೊಂಡಿತು — ಆಚೆ ಬರೀ ಭಯ. ಬಿಳಿ ದೀಪ, ಕತ್ತಿ, ನನ್ನ ಪಕ್ಕೆ ಸೀಳುವ ಕೈ, ಮತ್ತೆ ಎಚ್ಚರವಾಗದೆ ಹೋದರೆ... ಚಾರ್ಮಾಡಿಯ ತಿರುವುಗಳಲ್ಲಿ ಲಾರಿಗಳ ನಡುವೆ ಬೈಕ್ ನುಗ್ಗಿಸುತ್ತಿದ್ದ ಮನುಷ್ಯ ನಾನು. ಅಂದು ಕುರ್ಚಿಯ ಕೈ ಬಿಡಲಿಲ್ಲ.

"ನನಗೆ ಆಗಲ್ಲ ಮೇಡಂ" ಎಂದೆ.

ಹೊರಗೆ ಅಕ್ಕ ಬೆಂಚಿನ ಮೇಲೆ ಕುಳಿತಿದ್ದಳು. "ಏನಂದ್ರೋ?" ಎಂದಳು.

"ಹೊಂದಲ್ವಂತೆ ಅಕ್ಕಾ."

ಹೇಳುತ್ತಿದ್ದಂತೆ ನನಗೆ ಅಳು ಬಂತು. ಅದು ನಾಟಕವಾಗಿರಲಿಲ್ಲ, ನಿಜವಾದ ಅಳು — ಹಾಗಾಗಿಯೇ ಎಲ್ಲರೂ ನಂಬಿದರು. ಅಕ್ಕ ನನ್ನ ತಲೆ ಹಿಡಿದು ಎದೆಗೆ ಒತ್ತಿಕೊಂಡಳು. "ಬಿಡು, ನೀನ್ಯಾಕ್ ಅಳ್ತೀಯಾ? ನೀನೇನ್ ಮಾಡೋಕಾಗ್ತದೆ ಪಾಪ. ದೇವ್ರಿದಾನೆ ಕಣೋ" ಎಂದು ನನಗೇ ಸಮಾಧಾನ ಹೇಳಿದಳು.

ಅಂದಿನಿಂದ ಅವಳ ಮುಖ ನೋಡುವುದು ನನ್ನಿಂದ ಆಗಲಿಲ್ಲ. ಅಜ್ಜಂಪುರಕ್ಕೆ ಹೋಗದಿರಲು ನೆಪ ಹುಡುಕಿದೆ. ಒಂದು ಭಾನುವಾರ ನಮ್ಮ ಚರ್ಚಿನಲ್ಲಿ ಬಲಿಪೂಜೆಯ ಕೊನೆಯಲ್ಲಿ ಫಾದರ್ ಅಕ್ಕನ ಹೆಸರು ಹೇಳಿ ಪ್ರಾರ್ಥಿಸಿದಾಗ ಜನರೆಲ್ಲ ನನ್ನತ್ತ ತಿರುಗಿದರು. ಆ ಕಣ್ಣುಗಳಲ್ಲಿ ಕನಿಕರವಿತ್ತು. ನನಗೆ ಅದು ವಿಚಾರಣೆಯಂತೆ ಕಂಡಿತು. ಎದ್ದು ನಿಂತೆ. ಏನು ಹೇಳಬೇಕೆಂದು ನಿಲ್ಲುವ ಮುಂಚೆ ಗೊತ್ತಿರಲಿಲ್ಲ.

"ನನಗೆ ದೇವರ ಕರೆ ಬಂದಿದೆ" ಎಂದೆ. ಒಬ್ಬನೇ ಬೈಕಿನಲ್ಲಿ ನಾಗಾ ಬೆಟ್ಟಗಳವರೆಗೆ ಹೋಗುತ್ತೇನೆ, ದಾರಿಯಲ್ಲಿ ಸಿಕ್ಕುವ ಚರ್ಚುಗಳಲ್ಲಿ ಮೊಣಕಾಲೂರಿ ಅಕ್ಕನ ಜೀವ ಬೇಡುತ್ತೇನೆ ಎಂದೆ.

ಯಾವ ಕರೆಯೂ ಬಂದಿರಲಿಲ್ಲ. ಅಕ್ಕನಿಂದ ಸಾಧ್ಯವಾದಷ್ಟು ದೂರ ಹೋಗಬೇಕಿತ್ತು — ಅಷ್ಟೇ. ಆ ದೂರಕ್ಕೆ ದೇವರ ಹೆಸರಿಟ್ಟೆ.

ಹೊರಡುವ ದಿನ ಅಕ್ಕ ಡಯಾಲಿಸಿಸ್ ಇಲ್ಲದ ದಿನವೆಂದು ಕಡೂರಿಗೆ ಬಂದಿದ್ದಳು. ಮುಖ ಊದಿಕೊಂಡಿತ್ತು. ಚಪಾತಿ, ಚಟ್ನಿಪುಡಿ ಕಟ್ಟಿ ತಂದಿದ್ದಳು. ನನ್ನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, "ನಿಧಾನಕ್ ಹೋಗು. ನನಗೋಸ್ಕರ ಅಂತ ಮೈ ಕೆಡಿಸ್ಕೋಬೇಡ" ಎಂದಳು. ಅವಳ ಕೈ ಹಣೆಯಿಂದ ತೆಗೆಯುವ ಮೊದಲೇ ನಾನು ಗಾಡಿ ಸ್ಟಾರ್ಟ್ ಮಾಡಿದ್ದೆ.

ದಾರಿಯ ಬಗ್ಗೆ ನಾನು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ನಾಗಪುರದ ಬಿಸಿಲು, ಬಿಹಾರದಲ್ಲಿ ಹಳ್ಳಿಯ ಜನ ಪಂಕ್ಚರ್ ಹಾಕಿಸಿಕೊಟ್ಟು ಊಟ ಹಾಕಿದ್ದು, ಸಿಲಿಗುರಿ ದಾಟಿದ ಮೇಲೆ ಮಂಜಿನಲ್ಲಿ ಎದುರಿನ ಲಾರಿ ಕಾಣದೆ ಚರಂಡಿಗೆ ಇಳಿದದ್ದು. ಅವೆಲ್ಲ ನಿಜ. ಹೇಳದೆ ಬಿಟ್ಟದ್ದು ಇಷ್ಟು: ಸಂಜೆಯಾದರೆ ಅಕ್ಕನ ಫೋನ್ ಬರುತ್ತಿತ್ತು. "ಎಲ್ಲಿದ್ದೀಯೋ? ಉಂಡ್ಯಾ? ಬೆನ್ನು ನೋಯ್ತದಾ?" ಎನ್ನುತ್ತಿದ್ದಳು. ಅವಳ ನೋವಿನ ಬಗ್ಗೆ ಕೇಳಿದರೆ, "ನಂದು ಇದ್ದಿದ್ದೇ ಬಿಡು" ಎನ್ನುತ್ತಿದ್ದಳು. ಎಷ್ಟೋ ಸಲ ಸಿಗ್ನಲ್ ಇಲ್ಲ ಎಂದು ಫೋನ್ ಕತ್ತರಿಸಿದೆ — ಸಿಗ್ನಲ್ ಚೆನ್ನಾಗಿಯೇ ಇತ್ತು.

ಪ್ರಾರ್ಥನೆಯೂ ಸುಳ್ಳಾಗಿರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಗೊತ್ತಿಲ್ಲದ ಊರುಗಳ ಸಣ್ಣ ಚರ್ಚುಗಳಲ್ಲಿ ಕುಳಿತು, "ಅವಳನ್ನು ಉಳಿಸು" ಎಂದು ನಾನು ಮನಸಾರೆ ಕೇಳುತ್ತಿದ್ದೆ. ಪ್ರತಿ ಸಲವೂ ಎದುರಿನಿಂದ ಒಂದು ಮೌನ. ಅದು ಯಾರೂ ಇಲ್ಲದ ಮೌನವಲ್ಲ. ಉತ್ತರ ಕೊಟ್ಟಾಗಿದೆ, ಇನ್ನೇನು ಕೇಳುತ್ತೀಯಾ ಎಂಬಂಥ ಮೌನ. ಅದು ಇನ್ನಷ್ಟು ಸ್ಪಷ್ಟವಾಗುವ ಮೊದಲೇ ಎದ್ದು ಬೈಕ್ ಹತ್ತುತ್ತಿದ್ದೆ.

ನಾಗಾ ಬೆಟ್ಟದ ಒಂದು ಹಳ್ಳಿಯಲ್ಲಿ ದಾರಿ ಕುಸಿದು ನಿಲ್ಲಬೇಕಾಯಿತು. ಅಲ್ಲಿನ ಪಾಸ್ಟರ್ ಮನೆಯಲ್ಲಿ ಜಾಗ ಕೊಟ್ಟರು. ನಾನು ಬಂದ ಕಾರಣ ಕೇಳಿ ಚರ್ಚಿನಲ್ಲಿ ಹೇಳಿದರು. ಮರುದಿನ ಆ ಇಡೀ ಹಳ್ಳಿ ಉಪವಾಸ ಕುಳಿತಿತು. ಒಲೆಗಳು ಉರಿಯಲಿಲ್ಲ. ಹೊಲದಿಂದ ಬಂದವರು, ಮಗುವಿಗೆ ಹಾಲೂಡಿಸುತ್ತಿದ್ದ ಹೆಂಗಸರು, ಕೋಲೂರಿಕೊಂಡು ಬಂದ ಮುದುಕರು — ಎಂದೂ ನೋಡದ ಒಬ್ಬ ಹೆಂಗಸಿಗಾಗಿ ತಮ್ಮ ಭಾಷೆಯಲ್ಲಿ ಬೇಡುತ್ತಿದ್ದರು. ನನಗೆ ಅರ್ಥವಾಗುತ್ತಿದ್ದದ್ದು ಒಂದೇ ಪದ: ಸ್ಟೆಲ್ಲಾ. ಮತ್ತೆ ಮತ್ತೆ ಸ್ಟೆಲ್ಲಾ. ಅವರ ನಡುವೆ ನಾನು ಕುಳಿತಿದ್ದೆ. ಅವರು ಕೇಳುತ್ತಿದ್ದದ್ದು ನನ್ನ ಪಕ್ಕೆಯೊಳಗೆ ಬೆಚ್ಚಗಿತ್ತು.

ಹೊರಗೆ ಓಡಿಬಂದೆ. ನಂತರ ಸಿಗ್ನಲ್ ಸಿಗುವ ಎತ್ತರಕ್ಕೆ ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿದೆ. "ಈಗ ಕೊಟ್ಟರೆ ಆಗುತ್ತದೆಯಾ ಮೇಡಂ?" ಎಂದೆ. "ಆಗುತ್ತೆ. ತಡ ಮಾಡಬೇಡಿ, ಬನ್ನಿ" ಎಂದರು ಡಾಕ್ಟರಮ್ಮ.

ತಿರುಗಿ ಬಂದ ದಾರಿ ನನಗೆ ಸರಿಯಾಗಿ ನೆನಪಿಲ್ಲ. ನಿದ್ದೆಗೆಟ್ಟು ಓಡಿಸಿದೆ. ನಾಗಪುರದ ಆಚೆ ಜಾರಿ ಬಿದ್ದು ಮೊಣಕೈ ಚರ್ಮ ಕಿತ್ತುಹೋಯಿತು. ರಕ್ತ ಕಂಡಾಗ ಮೊದಲು ಬಂದ ಯೋಚನೆ, ಪಕ್ಕೆಗೆ ಏಟಾಗಿಲ್ಲವಲ್ಲ ಎಂಬುದು. ಜೀವನದಲ್ಲಿ ಅದೊಂದು ವಾರ ನಾನು ಒಳ್ಳೆಯ ಮನುಷ್ಯನಾಗಿದ್ದೆ ಎನಿಸುತ್ತದೆ. ಸತ್ಯ ಹೇಳುವ ಧೈರ್ಯ ಆಗಲೂ ಇರಲಿಲ್ಲ, ಅದಕ್ಕೂ ಉಪಾಯ ಹುಡುಕಿಕೊಂಡಿದ್ದೆ — ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ, ಈಗ ಹೊಂದುತ್ತಿದೆ, ಪವಾಡ ಎಂದು ಹೇಳಿಬಿಡುವುದು. ಸುಳ್ಳೇ. ಆದರೂ ಆ ಸುಳ್ಳು ಅಕ್ಕನಿಗೆ ಕಿಡ್ನಿ ಕೊಡುತ್ತಿತ್ತು.

ಕಡೂರಿನಲ್ಲಿ ಹಾರ ಹಿಡಿದು ಜನ ಕಾಯುತ್ತಿದ್ದರು. ಅಕ್ಕ ಆಟೋದಲ್ಲಿ ಕುಳಿತೇ ಕೈ ಚಾಚಿದಳು. "ನೀನ್ ಬಂದ್ಯಲ್ಲ, ಸಾಕು ಕಣೋ" ಎಂದಳು. ಚರ್ಚಿನೊಳಗೆ ನನ್ನನ್ನು ಮಾತನಾಡಲು ನಿಲ್ಲಿಸಿದರು. ಆ ಹಳ್ಳಿಯ ಉಪವಾಸದ ಕಥೆ ಹೇಳಿದೆ. ಜನ ಅತ್ತರು. ಮಾತು ಮುಗಿಸಿ ಇಳಿದಾಗ, ಕೊಡಬೇಕಾದದ್ದನ್ನು ಕೊಟ್ಟಾಯಿತು ಎಂಬಂಥ ಒಂದು ಹಗುರ — ಛೆ, ಅದನ್ನು ಹೇಗೆ ಬರೆಯಲಿ? — ಮೈಯಲ್ಲಿ ಹರಡಿಕೊಂಡಿತು. ಮರುದಿನ ಎದ್ದಾಗ ಭಯ ಮೊದಲಿನಂತೆಯೇ ಪಕ್ಕದಲ್ಲಿ ಕುಳಿತಿತ್ತು. ನಾಳೆ ಆಸ್ಪತ್ರೆಗೆ ಹೋಗುತ್ತೇನೆ ಎಂದುಕೊಂಡೆ. ಮೊಣಕೈ ವಾಸಿಯಾಗಲಿ ಎಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟೆ.

ಮರುವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅಕ್ಕ ತೀರಿಕೊಂಡಳು. ಸೋಂಕು ಎಂದರು, ಹೃದಯ ಸೋತಿತು ಎಂದರು. ಕಿಡ್ನಿ ಕೊಟ್ಟಿದ್ದರೆ ಅವಳು ಉಳಿಯುತ್ತಿದ್ದಳು ಎಂದು ಖಚಿತವಾಗಿ ಯಾರು ಹೇಳಬಲ್ಲರು? — ಈ ಪ್ರಶ್ನೆಯ ಹಿಂದೆ ನಾನು ಬಹಳ ಕಾಲ ಅವಿತು ಕುಳಿತಿದ್ದೆ. ಮಣ್ಣು ಹಾಕುವಾಗ ಯಾರೋ, "ಇಂಥಾ ತಮ್ಮನ್ನ ಪಡೆಯೋಕೂ ಪುಣ್ಯ ಬೇಕು" ಎಂದರು. ಭಾವ ನನ್ನ ಭುಜದ ಮೇಲೆ ಕೈ ಇಟ್ಟರು. ನಾನು ಆ ಕೈಯನ್ನು ಸರಿಸಲಿಲ್ಲ.

ಈ ವರ್ಷ ಅನಿತಾ ನನ್ನ ಅಂಗಡಿಗೆ ಬಂದಳು. ಈಗ ತರೀಕೆರೆಯಲ್ಲಿ ನರ್ಸ್ ಆಗಿದ್ದಾಳೆ, ಸ್ವಂತ ಬೈಕ್ ಇದೆ. "ಮಾಮ, ಅಮ್ಮನ ಹೆಸ್ರಲ್ಲಿ ನೀವು ಹೋದ ದಾರೀಲೇ ಹೋಗ್ಬತ್ತೀನಿ. ಆ ಹಳ್ಳಿಯೋರ್ಗೆ ಥ್ಯಾಂಕ್ಸ್ ಹೇಳ್ಬೇಕು" ಎಂದಳು. ಮುಖದಲ್ಲಿ ಅಕ್ಕನ ನಗು. ಆ ಹುಡುಗಿ ನನ್ನ ಸುಳ್ಳನ್ನು ಹೊತ್ತುಕೊಂಡು ಅಷ್ಟು ದೂರ ಹೋಗುವುದನ್ನು ನೆನೆದೆ. ಅಂಗಡಿಯ ಬಾಗಿಲು ಅರ್ಧ ಎಳೆದು, ನಿಂತಲ್ಲೇ ಎಲ್ಲವನ್ನೂ ಹೇಳಿದೆ.

ಅವಳು ಅಳಲಿಲ್ಲ. "ಅಮ್ಮಂಗೆ ಗೊತ್ತಿತ್ತಾ?" ಎಂದಳು.

"ಇಲ್ಲ."

ಬೈಕಿನ ಕೀ ಕೈಗೆ ತೆಗೆದುಕೊಂಡು, "ನನ್ ಹತ್ರ ಹೇಳಿ ನಿಮ್ಗೆ ಹಗುರಾಯ್ತು ಅಲ್ವಾ ಮಾಮ? ಅಪ್ಪಂಗೆ ನಾನ್ ಹೇಳಲ್ಲ. ನೀವೇ ಹೋಗಿ ಹೇಳಿ" ಎಂದು ಬಾಗಿಲಡಿ ಬಗ್ಗಿ ಹೊರಟುಹೋದಳು.

ಮರುದಿನ ಬೆಳಗ್ಗೆಯೇ ಅಜ್ಜಂಪುರಕ್ಕೆ ಹೋದೆ. ನಿವೃತ್ತರಾದ ಭಾವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದರು. "ಏನಪ್ಪಾ, ಇಷ್ಟ್ ಬೇಗ? ಬಾ, ಕಾಫಿ ಇಡ್ತೀನಿ" ಎಂದರು.

"ಬೇಡ ಭಾವ. ನನ್ ಕಿಡ್ನಿ ಅಕ್ಕಂಗೆ ಹೊಂದ್ತಿತ್ತು. ಹೊಂದಲ್ಲ ಅಂತ ನಾನು ಸುಳ್ಳು ಹೇಳ್ದೆ."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು. ಅವರು ನೆಲದ ಮೇಲೇ ಕುಳಿತುಬಿಟ್ಟರು. ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನನ್ ರಕ್ತ ಆಗ್ಬರ್ಲಿಲ್ಲ ಅಂತ ಇಷ್ಟ್ ವರ್ಷ ನನ್ ಮೈಯನ್ನೇ ಬೈಕೊಂಡ್ ಬದ್ಕಿದೀನಿ ಕಣೋ. ಕಟ್ಕೊಂಡೋಳಿಗೆ ಉಪಯೋಗಕ್ ಬರ್ದಿದ್ ಮೈ ಅಂತ" ಎಂದರು. ಧ್ವನಿ ಏರಲಿಲ್ಲ. "ಭಯ ಆಗ್ತದೆ ಅಂತ ಹೇಳಿದ್ರೆ ಅವ್ಳೇ ಬೇಡ ಅಂತಿದ್ಲು. ನಿನ್ ಮೈ ಕುಯ್ಸೋಕೆ ಅವ್ಳು ಒಪ್ತಿದ್ಲಾ? ಸತ್ತೋರ್ ಕಿಡ್ನಿಗೆ ಹೆಸ್ರು ಬರ್ಸಿ ಅಂತ ತರೀಕೆರೇಲಿ ಹೇಳಿದ್ರು ಕಣೋ. ನಾನ್ ಹೊರ್ಟಿದ್ದೆ. ಅವ್ಳೇ ಬೇಡ ಅಂದ್ಲು. ತಮ್ಮ ದೇವ್ರ ಹತ್ರ ಕೇಳೋಕ್ ಹೋಗಿದಾನೆ, ಅವ್ನ್ ಬರೋಗಂಟ ಕಾಯಾಣ ಅಂದ್ಲು. ಕಾದ್ವಿ. ಬಂದ್ ಮೇಲೂ ಕಾದ್ವಿ."

ಇದು ನನಗೆ ಗೊತ್ತಿರಲಿಲ್ಲ. ಅಕ್ಕ ನನ್ನ ಪ್ರಾರ್ಥನೆಯನ್ನು ನಂಬಿ ಇನ್ನೊಂದು ದಾರಿಯನ್ನು ಬಿಟ್ಟಿದ್ದಳು. ನಾನು ನನ್ನದನ್ನು ಕೊಡದೆ ಉಳಿಸಿಕೊಂಡದ್ದಷ್ಟೇ ಅಲ್ಲ, ಬೇರೆ ಯಾರಿಂದಲೋ ಬರಬಹುದಾಗಿದ್ದುದನ್ನೂ...

"ಹೋಗು" ಎಂದರು ಭಾವ. "ಈ ಮನೆಗ್ ಬರ್ಬೇಡ."

ಬಂದೆ. ಕ್ಷಮಿಸಿ ಎಂದು ಕೇಳಲಿಲ್ಲ. ಕೇಳಿದರೆ ಅವರ ಮೇಲೆ ಇನ್ನೊಂದು ಭಾರ ಹೊರಿಸಿದಂತಾಗುತ್ತಿತ್ತು.

ನಿನ್ನೆ ಫಾದರ್ ಅವರನ್ನು ಕಂಡು ಬರುವ ಭಾನುವಾರ ಚರ್ಚಿನಲ್ಲಿ ಐದು ನಿಮಿಷ ಮಾತನಾಡಲು ಅನುಮತಿ ಕೇಳಿದೆ. ವಿಷಯ ತಿಳಿದ ಮೇಲೆ ಅವರು ಆಗಲಿ ಎಂದರು. ಭಯದ ವಿಷಯ ಅಲ್ಲಿ ಎತ್ತುವುದಿಲ್ಲ, ನಡೆದದ್ದನ್ನು ಮಾತ್ರ ಹೇಳುತ್ತೇನೆ. ಅನಿತಾಳಿಗೂ ಭಾವನಿಗೂ ಸಮಯ ತಿಳಿಸಿ ಸಂದೇಶ ಕಳಿಸಿದ್ದೇನೆ. ಇಬ್ಬರೂ ಉತ್ತರ ಕೊಟ್ಟಿಲ್ಲ. ಭಾವ ಬರುತ್ತಾರೋ ಇಲ್ಲವೋ. ಬಂದರೆ, ಅವರ ಮುಖವನ್ನು ನೋಡುತ್ತಲೇ ಹೇಳಬೇಕು.