ಕೆಂಪು ದಾರದ ಗಂಟು

ಕಳೆದ ಕಾರ್ತಿಕದ ಒಂದು ಮಂಗಳವಾರ ಮಧ್ಯಾಹ್ನ, ಸಿಂದಗಿಯಲ್ಲಿ ನನ್ನ ಹಳೆಯ ಬೈಕಿನ ವೈರಿಂಗ್ ಕಿಟ್ ಬದಲಿಸುತ್ತಿದ್ದ ಮೆಕ್ಯಾನಿಕ್ ಮಲ್ಲಪ್ಪ, ಬಿಚ್ಚಿದ ವೈರಿನ ಒಂದು ಜೋಡಣೆ ನೋಡಿ ಕೈ ನಿಲ್ಲಿಸಿದರು. ಟೇಪಿನ ಮೇಲೆ ಕೆಂಪು ದಾರದ ಗಂಟಿತ್ತು.

“ಯಾರ್ ಕಟ್ಯಾರ್ರಿ ಇದನ್ನ?”

ಹಿಂದಿನ ವಾರ ಚಡಚಣದ ದಾರಿಯಲ್ಲಿ ಬೈಕ್ ನಿಂತಾಗ, ಮರದಡಿ ಕುಳಿತಿದ್ದವನೊಬ್ಬ ತನ್ನ ಮುಂಗೈ ದಾರ ಕಿತ್ತು ಕಟ್ಟಿಕೊಟ್ಟಿದ್ದ ಎಂದೆ.

ಮಲ್ಲಪ್ಪ ಗೋಡೆಯಲ್ಲಿದ್ದ ಹಾರ ಹಾಕಿದ ಫೋಟೊ ತೋರಿಸಿದರು. “ಹಿಂಗ ಕಟ್ಟಾಂವ ನಮ್ಮಣ್ಣ ಒಬ್ಬನ ರೀ. ಹೊಳಿ ಪಾಲಾಗಿ ಮೂರು ವರ್ಸಾತು. ಹೆಣ ಸಿಗಲಿಲ್ಲ.”

ದಾರಿಯಲ್ಲಿ ಸಿಕ್ಕವನು ಮುಖಕ್ಕೆ ಟವೆಲ್ ಸುತ್ತಿದ್ದ. ಗುರುತು ಹೇಳಲು ನನಗಾಗಲಿಲ್ಲ.

ಅಂದೇ ಇಬ್ಬರೂ ಆ ಮರದ ಬಳಿ ಹೋದೆವು. ಎದುರಿನ ಚಹಾದಂಗಡಿಯ ಅಜ್ಜಿ, “ಅಲ್ಲಿ ಯಾರೂ ಕುಂಡ್ರಂಗಿಲ್ಲಪಾ” ಎಂದಳು.

ಮೊನ್ನೆ ಮಲ್ಲಪ್ಪನವರ ಅಂಗಡಿಗೆ ಹೋದಾಗ, ಕೆಂಪು ಗಂಟಿನ ಆ ಹಳೆಯ ವೈರು ಅಣ್ಣನ ಫೋಟೊದ ಪಕ್ಕದ ಮೊಳೆಗೆ ತೂಗುತ್ತಿತ್ತು. ಫೋಟೊಗೆ ಹಾರ ಇರಲಿಲ್ಲ.