ಮೂರು ತಾಯತ

ನನ್ನ ಮಗಳು ಗೋಡೆ ನೋಡಿ ನಗುತ್ತಿದ್ದಳು. ಆಗ ಅವಳಿಗೆ ಐದು ವರ್ಷ, ಮಾತು ಬಂದಿರಲಿಲ್ಲ. ಆ ಗೋಡೆಯ ಮೇಲೆ ಒಂದು ಹಲ್ಲಿ ಕೂಡ ಇರುತ್ತಿರಲಿಲ್ಲ. ಹೆತ್ತ ಮಗಳನ್ನು ಕಂಡರೇ ನನಗೆ ಭಯ. ಹೇಳಲು ನಾಚಿಕೆ, ಆದರೆ ಖರೇ.

ಡಾಕ್ಟರು ಆಟಿಸಂ ಎಂದರು. ಅತ್ತೆ, "ಗಾಳಿ ಸೋಕೇತಿ," ಎಂದರು. ನಮ್ಮ ಮನೆಯಲ್ಲಿ ಡಾಕ್ಟರಿಗಿಂತ ಅತ್ತೆ ದೊಡ್ಡವರು. ದೂರದ ಹಳ್ಳಿಯ ಮಂತ್ರಗಾರನಿಂದ ತಾಮ್ರದ ತಾಯತ ಬಂತು, ಒಳಗೆ ಮಂತ್ರಿಸಿದ ಸಾಸಿವೆ. ಮಗಳ ಕೊರಳಿಗೆ ಕಟ್ಟಿದ್ದು ನಾನೇ.

ಅವತ್ತಿನಿಂದ ಅವಳು ಎರಡೂ ಕಿವಿ ಮುಚ್ಚಿಕೊಂಡು ಓಡತೊಡಗಿದಳು. ಹಿಂದೆ ಯಾರೋ ಬರುತ್ತಿದ್ದಾರೆ ಎಂಬಂತೆ ತಿರುಗಿ ನೋಡುವುದು, ಚೀರುವುದು, ಮತ್ತೆ ಓಡುವುದು. ಓಡಿದಷ್ಟೂ ಹೆದರಿಕೆ ಹೆಚ್ಚುತ್ತಿತ್ತು.

"ಒಳಗಿಂದು ಒದ್ದಾಡಾಕತ್ತೇತಿ. ತಾಯತ ಛಲೋ ಕೆಲಸ ಮಾಡಾಕತ್ತೇತಿ," ಎಂದು ಅತ್ತೆ ಹಿಗ್ಗಿದರು. ಎರಡನೆಯದು ಬಂತು, ಮೂರನೆಯದೂ ಬಂತು. ಕೊನೆಗೆ, "ಬರೂ ಅಮಾಸಿಗೆ ಈಕಿನ್ನ ಆ ಮಂತ್ರಗಾರನ ಕಡೇನ ಬಿಟ್ಟ ಬರೂಣು. ಗಾಳಿ ಬಿಟ್ಟಮ್ಯಾಲೆ ಕರಕೊಂಡ ಬಂದ್ರಾತು," ಎಂದುಬಿಟ್ಟರು.

ಅತ್ತೆಗೆ ಹೇಳದೆ ಮಗಳನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಟೀಚರ್ ಇದ್ದರು, ಅವರ ಮಗನಿಗೂ ಆಟಿಸಂ. ತಾಯತದ ಕಥೆಯನ್ನೆಲ್ಲ ಕೇಳಿ, ಅವರು ಮೊದಲು ತಮ್ಮ ಬಳೆ ತೆಗೆದಿಟ್ಟರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, "ಸ್ವಲ್ಪ ಸುಮ್ನ ಕುಂದರ್ರಿ," ಎಂದರು.

ಮಗಳು ಎದ್ದು ಒಂದು ಹೆಜ್ಜೆ ಇಟ್ಟಳು. ಚಿರ್. ಇನ್ನೊಂದು ಹೆಜ್ಜೆ. ಚಿರ್ ಚಿರ್.

"ಕೇಳಿಸ್ತೇನ್ರಿ? ನಮಗ ಅದು ತಾಯತದಾಗಿನ ಸಾಸಿವಿ. ಆಕಿ ಕಿವ್ಯಾಗ ಎಷ್ಟ ದೊಡ್ಡ ಸಪ್ಪಳಾನೋ! ಆಕಿ ಓಡಿದ್ರ ಅದೂ ಸಂಗಾಟ ಓಡತೈತಿ."

ತಕ್ಷಣ ಮೂರೂ ದಾರ ಕತ್ತರಿಸಿದೆ. ಬಹಳ ಹೊತ್ತಿನ ಮೇಲೆ ಮಗಳ ಒಂದು ಕೈ ಕಿವಿಯಿಂದ ಕೆಳಗಿಳಿಯಿತು.

"ಆಟಿಸಂ ಬಿಡಸೂದಲ್ರಿ. ಆಕಿಗೆ ಏನ್ ಕಾಡತೈತಿ, ಅದನ್ನ ಹುಡುಕೂದು," ಎಂದರು ಟೀಚರ್.

ಮರುದಿನವೇ ಅಮಾವಾಸ್ಯೆ, ಅತ್ತೆ ಮಗಳ ಅಂಗಿಗಳನ್ನು ಚೀಲಕ್ಕೆ ತುಂಬಿಟ್ಟರು. ತಾಯತವನ್ನು ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. "ನನಗೇನೂ ಕೇಳಸವಲ್ದು," ಎಂದರು. ಲಕಮನಹಳ್ಳಿಯ ನಮ್ಮ ಮನೆಗೆ ದಿನವಿಡೀ ಕಾರ್ಖಾನೆಗಳ ಗರಗರ, ಕೇಳುವುದಾದರೂ ಹೇಗೆ? ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾರ ನೀವ ಹಾಕ್ಕೋರಿ," ಎಂದು ಮೂರನ್ನೂ ಅವರ ಕೊರಳಿಗೇ ಕಟ್ಟಿದೆ. ತಾವೇ ತರಿಸಿದ ತಾಯತ, ಬೇಡವೆನ್ನುವಂತಿರಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಕಾರ್ಖಾನೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ಅಕ್ಕಿ ಆರಿಸುತ್ತಿದ್ದ ಅತ್ತೆ ಎದ್ದು ಎರಡು ಹೆಜ್ಜೆ ನಡೆದರು, ನಿಂತರು, ಹಿಂದೆ ತಿರುಗಿ ನೋಡಿದರು. ಯಾರೂ ಇರಲಿಲ್ಲ. ಮತ್ತೆ ನಡೆದರು, ಮತ್ತೆ ತಿರುಗಿದರು. ಅವರ ಕೈಗಳು ತಾವಾಗಿಯೇ ಕಿವಿಗೆ ಹೋದವು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅತ್ತೆ ತಾಯತಗಳನ್ನು ಕಿತ್ತಿಟ್ಟರು. ಚೀಲದಿಂದ ಮೊಮ್ಮಗಳ ಅಂಗಿಗಳನ್ನು ಒಂದೊಂದಾಗಿ ತೆಗೆದು ಟ್ರಂಕಿನಲ್ಲಿಟ್ಟರು. ಆಮೇಲೆ ಒಂದು ಕೈಯಿಂದ ಬಳೆಗಳನ್ನು ಒತ್ತಿ ಹಿಡಿದು, ಟ್ರಂಕಿನ ಮುಚ್ಚಳವನ್ನು ಸಪ್ಪಳವಾಗದಂತೆ ಮುಚ್ಚಿದರು.